ರಾತ್ರಿ ಮೂರು ಗಂಟೆ ಮತ್ತು ಗೀತೆಯ ಆರನೇ ಅಧ್ಯಾಯ: ಒಂದು ಪ್ರಕರಣ ಅಧ್ಯಯನ

ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬ ದಿನ ಯೋಚ್ನೆ ಮಾಡ್ದೆ, ಯಾಕಂದ್ರೆ ಇದು ನನ್ನ ಕಥೆ ಅಲ್ಲ, ನಾನು ಅಕ್ಕ ಅಂತ ಕರೆಯೋ ಒಬ್ಬರದ್ದು. ಕೊನೆಗೆ ಅವರೇ "ಬರಿ, ಹೆಸರು ಮಾತ್ರ ಬೇಡ, ನನ್ ಥರ ಎಷ್ಟ್ ಜನ ರಾತ್ರಿ ಗಡಿಯಾರ ನೋಡ್ಕೊಂಡು ಬಿದ್ಕೊಂಡಿರ್ತಾರೋ" ಅಂದ್ರು, ಅದಕ್ಕೆ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ದೊಡ್ಡ ಪಂಡಿತರೂ ಅಲ್ಲ, ತುಂಬ ವರ್ಷದಿಂದ ಗೀತೆ ಓದ್ಕೊಂಡು ಬಂದಿರೋದು ಅಷ್ಟೇ. ನಾಲ್ಕು ತಿಂಗಳು ಅವರ ಜೊತೆ ಕೂತು ಓದಿದೀನಿ, ಏನೇನಾಯ್ತು ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟಿದೀನಿ, ಅದರಿಂದಾನೇ ಇಲ್ಲಿ ಹೇಳ್ತಿರೋದು.

ಅಕ್ಕನಿಗೆ 54 ವರ್ಷ. ಅವರ ತಾಯಿಗೆ ಸ್ಟ್ರೋಕ್ ಆಗಿ ಎರಡು ವರ್ಷ ಹಾಸಿಗೆ ಹಿಡಿದಿದ್ರು. ಮಲಗಿದಲ್ಲೇ ಇರೋರಿಗೆ ಬೆನ್ನು ಹುಣ್ಣಾಗಬಾರದು ಅಂತ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸ್ತಾ ಇರ್ಬೇಕು, ಅದನ್ನ ಅಕ್ಕ ಒಬ್ಬರೇ ಮಾಡ್ತಿದ್ರು. ರಾತ್ರಿ ಹನ್ನೊಂದು, ಒಂದು, ಮೂರು, ಐದು, ಹೀಗೆ ಒಟ್ಟು ನಾಲ್ಕು ಅಲಾರಂ. ಎರಡು ವರ್ಷದಲ್ಲಿ ಒಂದು ರಾತ್ರಿ ಮಾತ್ರ ಮೂರು ಗಂಟೆ ಅಲಾರಂ ಕೇಳಿಸ್ಲಿಲ್ಲ, ಅಥವಾ ನಿದ್ದೆಗಣ್ಣಲ್ಲೇ ಆಫ್ ಮಾಡಿದ್ರೋ ಏನೋ, ಎಚ್ಚರ ಆದಾಗ ನಾಲ್ಕೂವರೆ. ತಾಯಿ ಹೋಗ್ಬಿಟ್ಟಿದ್ರು. ಡಾಕ್ಟರು ನೀವು ಎದ್ದಿದ್ರೂ ಇದು ಆಗೋದೇ ಇತ್ತು ಅಂತ ಸ್ಪಷ್ಟವಾಗಿ ಹೇಳಿದ್ರು, ಅಕ್ಕ ತಲೆ ಆಡಿಸಿದ್ರು, ಆದ್ರೆ ಒಳಗೆ ಅದು ಇಳೀಲೇ ಇಲ್ಲ.

ನಾನು ಅವರ ಜೊತೆ ಓದೋಕೆ ಶುರು ಮಾಡಿದ್ದು ಇದಾಗಿ ಏಳು ತಿಂಗಳ ಮೇಲೆ. ಅಷ್ಟೊತ್ತಿಗೆ ಹನ್ನೊಂದಕ್ಕೆ ಮಲಗೋದು, ಹನ್ನೆರಡೂವರೆ ತನಕ ಹೊರಳಾಡೋದು, ಮೂರು ಗಂಟೆಗೆ ಯಾರೋ ಭುಜ ಹಿಡಿದು ಅಲ್ಲಾಡಿಸಿದ ಹಾಗೆ ಎಚ್ಚರ ಆಗೋದು, ಆಮೇಲೆ ಬೆಳಗಾಗೋ ತನಕ ಕಣ್ಣು ಬಿಟ್ಕೊಂಡೇ ಇರೋದು, ಇದೇ ನಡೀತಿತ್ತು. ಅಲಾರಂ ಯಾವತ್ತೋ ತೆಗೆದುಹಾಕಿದ್ರು, ದೇಹಕ್ಕೆ ಮಾತ್ರ ಅದು ಗೊತ್ತಾಗಿರ್ಲಿಲ್ಲ. ವಾರಕ್ಕೆ ಮೂರು ರಾತ್ರಿಯಾದ್ರೂ ಹೀಗಾಗಿ ಮೂರು ತಿಂಗಳು ದಾಟಿದ್ರೆ ಅದನ್ನ ದೀರ್ಘಕಾಲದ ನಿದ್ರಾಹೀನತೆ ಅಂತಾರೆ, ಅಕ್ಕನದ್ದು ವಾರಕ್ಕೆ ಆರು ರಾತ್ರಿ. ನಾನು ಮೊದಲು ಹೇಳಿದ್ದು ಡಾಕ್ಟರ್ ಹತ್ರ ಹೋಗಿ ಅಂತಾನೇ. ಥೈರಾಯ್ಡ್ ನೋಡಿದ್ರು, ಗೊರಕೆ ಇದೆಯಾ, ಮಧ್ಯೆ ಉಸಿರು ಕಟ್ಟುತ್ತಾ ಅಂತ ಕೇಳಿದ್ರು, ಮನಸ್ಸಿನ ಸ್ಥಿತಿ ಬಗ್ಗೆ ತುಂಬ ಹೊತ್ತು ಮಾತಾಡಿದ್ರು. ಏಳು ಪ್ರಶ್ನೆ ಇರೋ ನಿದ್ರಾಹೀನತೆ ಸ್ಕೇಲ್ ಒಂದಿದೆ, ಒಟ್ಟು 28 ಅಂಕ, 15ರಿಂದ 21 ಬಂದ್ರೆ ಮಧ್ಯಮ ಮಟ್ಟ. ಅಕ್ಕನಿಗೆ 19 ಬಂತು. ಮಾತ್ರೆಗಿಂತ ಮೊದಲು ಅಭ್ಯಾಸಗಳನ್ನ ಬದಲಾಯಿಸೋಣ ಅಂತ ಹೇಳಿ ಒಂದು ನಿದ್ದೆ ಡೈರಿ ಕೊಟ್ಟು ಕಳಿಸಿದ್ರು.

ಈಗ ಗೀತೆ ವಿಷಯಕ್ಕೆ ಬರ್ತೀನಿ. ನಾನು ಹೇಳೋಕೆ ಮುಂಚೇನೇ ಅಕ್ಕ ಗೀತೆ ಓದ್ತಿದ್ರು, ಅದು ನನಗೆ ಗೊತ್ತಿರ್ಲಿಲ್ಲ. ದಿನಾ ರಾತ್ರಿ ಹಾಸಿಗೆ ಮೇಲೆ ಕೂತು, ಮೊಬೈಲಲ್ಲಿ, ಲೈಟ್ ಆರಿಸಿ. ದಿನಕ್ಕೆ ಎರಡು ಅಧ್ಯಾಯ, ಒಂಬತ್ತು ದಿನಕ್ಕೆ 18 ಅಧ್ಯಾಯ, 700 ಶ್ಲೋಕ, ಮುಗಿದ ತಕ್ಷಣ ಮತ್ತೆ ಮೊದಲಿಂದ. "ಓದಿದ್ರೆ ಮನಸ್ಸಿಗೆ ಶಾಂತಿ, ನಿದ್ದೆ ಬರತ್ತೆ ಅಂತ ಎಲ್ರೂ ಹೇಳ್ತಾರಲ್ಲ, ನಾನು ಹನ್ನೊಂದು ಸಲ ಮುಗಿಸಿದೀನಿ, ನಂಗೇ ಯಾಕೆ ಬರ್ತಿಲ್ಲ?" ಅಂತ ಕೇಳಿದ್ರು, ಕೇಳೋವಾಗ ಮುಖದಲ್ಲಿ ಇದ್ದದ್ದು ಭಕ್ತಿ ಸಾಲ್ತಿಲ್ಲ ಅನ್ನೋ ನಾಚಿಕೆ. ನಂಗೆ ತುಂಬ ಸಂಕಟ ಆಯ್ತು. ನಿದ್ದೆ ಇಲ್ಲದ್ದು ಒಂದು, ಅದರ ಮೇಲೆ ದೇವರ ಮಾತು ಓದಿದ್ರೂ ಬರ್ಲಿಲ್ಲ ಅನ್ನೋ ತಪ್ಪಿತಸ್ಥ ಭಾವ ಇನ್ನೊಂದು.

ಒಂದು ವಿಷಯ ಇಲ್ಲಿ ಹೇಳ್ಲೇಬೇಕು. ನಿದ್ದೆ ಅನ್ನೋದು ಪ್ರಯತ್ನ ಮಾಡಿದಷ್ಟೂ ದೂರ ಹೋಗತ್ತೆ. ಬರ್ತಾ ಇದೆಯಾ ಬಂತಾ ಅಂತ ಮನಸ್ಸು ಕಾವಲು ಕೂತ್ರೆ ಆ ಕಾವಲೇ ಎಚ್ಚರ ಅಲ್ವಾ. ಅಕ್ಕ ಒಂದು ಅಧ್ಯಾಯ ಮುಗಿಸೋದು, ಒಳಗೆ ತಿರುಗಿ ನೋಡೋದು, ಆಕಳಿಕೆ ಬಂತಾ, ಇಲ್ಲ, ಮತ್ತೆ ಇನ್ನೊಂದು ಅಧ್ಯಾಯ. ಬಾಯಲ್ಲಿ ಶ್ಲೋಕ ಓಡ್ತಿತ್ತು, ಕಣ್ಣು ಮಾತ್ರ ಮೊಬೈಲ್ ಮೂಲೇಲಿರೋ ಟೈಮ್ ಮೇಲೆ. ಹೀಗೆ ಓದಿದ್ರೆ ಯಾವ ಗ್ರಂಥ ಆದ್ರೂ ಮಾತ್ರೆ ಥರ ಆಗ್ಬಿಡತ್ತೆ, ಅದೂ ಕೆಲಸ ಮಾಡದ ಮಾತ್ರೆ.

ಅವರ ಹತ್ರ ಒಂದು ಹಳೇ ಪುಸ್ತಕಾನೂ ಇತ್ತು, ತಾಯಿಯದ್ದು, ರಟ್ಟು ಬಿಟ್ಕೊಂಡಿತ್ತು. ಮೊಬೈಲ್ ಬೇಡ ಇದರಲ್ಲೇ ಓದೋಣ ಅಂತ ನಾನು ಕೈಗೆ ತಗೊಂಡೆ, ಅದು ತಾನಾಗೇ ಹದಿನಾಲ್ಕನೇ ಅಧ್ಯಾಯದ ಪುಟಕ್ಕೆ ತೆರ್ಕೊಳ್ತು. ಎಂಟನೇ ಶ್ಲೋಕದ ಕೆಳಗೆ ಪೆನ್ಸಿಲ್ ಗೆರೆ, ಒಂದಲ್ಲ, ಎಷ್ಟೋ ಸಲ ಎಳೆದು ಎಳೆದು ಕಾಗದ ಹೊಳೀತಿತ್ತು, ಒಂದು ಕಡೆ ಹರಿದೂ ಇತ್ತು. "ಪ್ರಮಾದಾಲಸ್ಯನಿದ್ರಾಭಿಸ್ತನ್ನಿಬಧ್ನಾತಿ ಭಾರತ." ತಮಸ್ಸು ಅಜಾಗರೂಕತೆ, ಆಲಸ್ಯ, ನಿದ್ದೆ ಇವುಗಳಿಂದ ಕಟ್ಟಿಹಾಕತ್ತೆ ಅಂತ. ಗೆರೆ ಇದ್ದದ್ದು ಪೂರ್ತಿ ಸಾಲಿಗಲ್ಲ, "ಪ್ರಮಾದ" ಮತ್ತೆ "ನಿದ್ರಾ" ಈ ಎರಡೇ ಪದಕ್ಕೆ.

ನಾನು ಏನೂ ಕೇಳ್ಲಿಲ್ಲ. ಅವರೇ ಹೇಳಿದ್ರು, "ನನ್ ಬಗ್ಗೇನೇ ಬರ್ದಿದಾನೆ ಕಣೇ ಕೃಷ್ಣ."

ಅವತ್ತೇ ನನಗೆ ಈ ಪ್ರಕರಣದ ಗಂಟು ಎಲ್ಲಿದೆ ಅಂತ ಗೊತ್ತಾಗಿದ್ದು. ಇವರಿಗೆ ನಿದ್ದೆ ಬರ್ತಿಲ್ಲ ಅನ್ನೋದು ಅರ್ಧ ನಿಜ, ನಿದ್ದೆ ಮಾಡೋದಕ್ಕೆ ತನಗೆ ಹಕ್ಕಿಲ್ಲ ಅಂತ ಅವರು ತೀರ್ಮಾನ ಮಾಡ್ಕೊಂಡಿದ್ರು, ಆ ತೀರ್ಮಾನಕ್ಕೆ ಗೀತೆಯನ್ನೇ ಸಾಕ್ಷಿ ಮಾಡ್ಕೊಂಡಿದ್ರು. ಹನ್ನೊಂದು ಸಲ ಪುಸ್ತಕ ಮುಗಿಸಿದ್ರೂ ನಿಜವಾಗಿ ಓದಿದ್ದು ಒಂದೇ ಸಾಲು, ಅದ್ರಲ್ಲೂ ಎರಡು ಪದ. ಅದೇ ಅಧ್ಯಾಯದ ಆರನೇ ಶ್ಲೋಕದಲ್ಲಿ ಸತ್ತ್ವಗುಣಾನೂ ಸುಖದ ಅಂಟಿನಿಂದ, ಜ್ಞಾನದ ಅಂಟಿನಿಂದ ಕಟ್ಟಿಹಾಕತ್ತೆ ಅಂತ ಇದೆ, ಅಂದ್ರೆ ಅಲ್ಲಿ ಮೂರು ಗುಣಗಳ ಸ್ವಭಾವ ಹೇಳ್ತಿರೋದು, ದಣಿದು ಮಲಗಿದ ಮಗಳಿಗೆ ಶಿಕ್ಷೆ ಬರೀತಿರೋದಲ್ಲ. ಆದ್ರೆ ಇದನ್ನ ನಾನು ಬಾಯಿಬಿಟ್ಟು ವಾದ ಮಾಡಿದ್ರೆ ಅವರು ಒಪ್ತಿರ್ಲಿಲ್ಲ, ಡಾಕ್ಟರ್ ಮಾತಿಗೆ ತಲೆ ಆಡಿಸಿದ ಹಾಗೆ ನನಗೂ ಆಡಿಸಿ ಸುಮ್ನಾಗ್ತಿದ್ರು.

ಇನ್ನೊಂದು ಸಮಸ್ಯೆ ಹನ್ನೊಂದನೇ ಅಧ್ಯಾಯ. ಒಂಬತ್ತು ದಿನದ ಲೆಕ್ಕದಲ್ಲಿ ಅದು ಬರೋ ರಾತ್ರಿ ಅವರು ಪೂರ್ತಿ ಎಚ್ಚರ. ವಿಶ್ವರೂಪ, ಉರಿಯೋ ಬಾಯಿಗಳು, "ಕಾಲೋಽಸ್ಮಿ", ಅಂದ್ರೆ ನಾನೇ ಕಾಲ ಅನ್ನೋ ಮಾತು, ಅರ್ಜುನನೇ ನಡುಗಿ ನಿಂಗೆ ಹಳೇ ರೂಪಾನೇ ಇರ್ಲಿ ಅಂತ ಬೇಡ್ಕೊಳ್ತಾನೆ. ಅಂಥದ್ದನ್ನ ಈಗಷ್ಟೇ ಸಾವು ಕಂಡವರು ಕತ್ತಲಲ್ಲಿ ಒಬ್ಬರೇ ಓದಿದ್ರೆ ಎದೆ ಹೊಡ್ಕೊಳ್ದೆ ಇನ್ನೇನಾಗತ್ತೆ. ಪವಿತ್ರ ಗ್ರಂಥದ ಎಲ್ಲಾ ಭಾಗಾನೂ ಎಲ್ಲಾ ಹೊತ್ತಿಗೂ ಅಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಅದನ್ನ ಓದೋಕೆ ಹಗಲಿದೆ.

ಆಮೇಲೆ ನಾವು ಮಾಡಿದ ಬದಲಾವಣೆ ತುಂಬ ಸಣ್ಣದು. ಲೆಕ್ಕದ ಪಾರಾಯಣ ನಿಲ್ಲಿಸಿದ್ವಿ. ಓದೋ ಜಾಗ ಹಾಸಿಗೆಯಿಂದ ಕಿಟಕಿ ಪಕ್ಕದ ಕುರ್ಚಿಗೆ ಬಂತು, ಮಲಗೋಕೆ ಒಂದು ಗಂಟೆ ಮುಂಚೆ, ಮಂದ ದೀಪದಲ್ಲಿ, ಕಾಗದದ ಪುಸ್ತಕ, ಒಂದೇ ಒಂದು ಶ್ಲೋಕ, ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಓದೋವಾಗ ನಿದ್ದೆ ಅನ್ನೋ ಮಾತೇ ಎತ್ತಬಾರದು ಅಂತ ಇಬ್ರೂ ಒಪ್ಕೊಂಡ್ವಿ. ಗೀತೆಗೋಸ್ಕರ ಗೀತೆ ಓದೋದು, ನಿದ್ದೆ ಬಂದ್ರೆ ಬರ್ಲಿ ಬಿಟ್ರೆ ಬಿಡ್ಲಿ. ಮೊದಲ ಮೂರು ವಾರ ನಾನೇ ಹೋಗಿ ಕೂರ್ತಿದ್ದೆ, ಆಮೇಲೆ ಫೋನಲ್ಲಿ, ಆಮೇಲೆ ಅವರೇ.

ವಿಧಾನ ನಾವು ಕಂಡುಹಿಡಿದದ್ದೇನಲ್ಲ. ಬೃಹದಾರಣ್ಯಕ ಉಪನಿಷತ್ತಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳೋದೇ ಇದು, ಕೇಳ್ಬೇಕು, ಮನನ ಮಾಡ್ಬೇಕು, ನಿದಿಧ್ಯಾಸನ, ಅಂದ್ರೆ ಅದನ್ನೇ ಆಳವಾಗಿ ಧ್ಯಾನ ಮಾಡ್ಬೇಕು ಅಂತ. ಕ್ರೈಸ್ತ ಸನ್ಯಾಸಿಗಳಲ್ಲೂ ಇಂಥದ್ದೇ ಒಂದು ಪದ್ಧತಿ ಇದೆ, ಲೆಕ್ಶಿಯೊ ದಿವೀನಾ ಅಂತಾರೆ, 12ನೇ ಶತಮಾನದ ಎರಡನೇ ಗೀಗೊ ಅನ್ನೋ ಸನ್ಯಾಸಿ ಅದನ್ನ ಓದು, ಮನನ, ಪ್ರಾರ್ಥನೆ, ಧ್ಯಾನ ಅಂತ ನಾಲ್ಕು ಮೆಟ್ಟಿಲು ಮಾಡಿ ಬರೆದಿಟ್ರು. ಓದೋದು ಅಂದ್ರೆ ತುತ್ತು ಬಾಯಿಗಿಡೋದು, ಮನನ ಅಂದ್ರೆ ಅಗಿಯೋದು ಅಂತ ಅವರ ಹೋಲಿಕೆ. ಅಕ್ಕ ಅಲ್ಲೀತನಕ ಅಗೀದೆ ನುಂಗ್ತಾ ಇದ್ರು.

ಶುರು ಮಾಡಿದ್ದು ಆರನೇ ಅಧ್ಯಾಯದ 16ನೇ ಶ್ಲೋಕದಿಂದ. ಬೇಕು ಅಂತಾನೇ ಆರಿಸಿದ್ದೆ, ಅವರಿಗೆ ಹೇಳಿರ್ಲಿಲ್ಲ. ಅತಿಯಾಗಿ ತಿನ್ನೋನಿಗೂ ಯೋಗ ಇಲ್ಲ, ಏನೂ ತಿನ್ನದವನಿಗೂ ಇಲ್ಲ, ಅತಿಯಾಗಿ ನಿದ್ದೆ ಮಾಡೋನಿಗೂ ಇಲ್ಲ, "ಜಾಗ್ರತೋ ನೈವ ಚಾರ್ಜುನ", ಎಚ್ಚರವಾಗೇ ಇರೋನಿಗೂ ಇಲ್ಲ. ಮಾರನೇ ಶ್ಲೋಕದಲ್ಲಿ "ಯುಕ್ತಸ್ವಪ್ನಾವಬೋಧಸ್ಯ", ಹದವಾದ ನಿದ್ದೆ ಹದವಾದ ಎಚ್ಚರ ಇರೋನಿಗೆ ಯೋಗ ದುಃಖ ಕಳೆಯೋದಾಗತ್ತೆ. ಅಕ್ಕ ಮೂರು ದಿನ ಇದನ್ನ ಓದಿದ್ರು. ನಾಲ್ಕನೇ ದಿನ ತಾವಾಗೇ ಹದಿನಾಲ್ಕನೇ ಅಧ್ಯಾಯಕ್ಕೆ ಪುಟ ತಿರುವಿ, ಮತ್ತೆ ಇಲ್ಲಿಗೆ ಬಂದು, ಮತ್ತೆ ಅಲ್ಲಿಗೆ ಹೋಗಿ,

"ಇದೂ ಅವನೇ ಹೇಳಿರೋದಾ?"

"ಹೂಂ ಅಕ್ಕ, ಅವನೇ."

"ಹನ್ನೊಂದ್ ಸಲ ಓದಿದೀನಲ್ಲೇ, ಇದು ಕಣ್ಣಿಗೇ ಬಿದ್ದಿಲ್ಲ."

ಅಷ್ಟೇ ಮಾತು. ಅವತ್ತು ರಾತ್ರಿ ನಿದ್ದೆ ಏನೂ ಬರ್ಲಿಲ್ಲ, ಡೈರೀಲಿ ಮೂರೂವರೆ ಗಂಟೆ ನಿದ್ದೆ ಅಂತಾನೇ ಇದೆ. ಆದ್ರೆ ನನ್ನ ಪ್ರಕಾರ ತಿರುವು ಅಲ್ಲೇ. ಗೀತೆಯಲ್ಲಿ ಅರ್ಜುನನಿಗೆ ಗುಡಾಕೇಶ, ಅಂದ್ರೆ ನಿದ್ದೆ ಗೆದ್ದೋನು ಅಂತ ಒಂದು ಹೆಸರಿದೆ, ಅಂಥವನಿಗೇ ಕೃಷ್ಣ ನಿದ್ದೆ ಬಿಟ್ಟು ಕೂರ್ಬೇಡ ಅಂತ ಹೇಳ್ತಿದಾನಲ್ಲ ಅಂತ ನಾನು ಅವತ್ತು ಮನೆಗೆ ಬರೋವಾಗ ಯೋಚ್ನೆ ಮಾಡ್ತಾ ಬಂದೆ.

ಓದೋ ರೀತಿ ಬಗ್ಗೆ ಸ್ವಲ್ಪ ಹೇಳ್ಬೇಕು. ಅನುಷ್ಟುಪ್ ಅನ್ನೋ ಛಂದಸ್ಸಿನ ಶ್ಲೋಕದಲ್ಲಿ ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು 32 ಅಕ್ಷರ. ಮೊದಲ ಅರ್ಧ ಒಂದು ಉಸಿರಲ್ಲಿ ನಿಧಾನಕ್ಕೆ, ನಿಲ್ಲಿಸಿ ಉಸಿರು ತಗೊಂಡು ಎರಡನೇ ಅರ್ಧ. ಮೊದಲು ಜೋರಾಗಿ, ಆಮೇಲೆ ಪಿಸುಮಾತಲ್ಲಿ, ಆಮೇಲೆ ತುಟಿ ಆಡಿಸದೆ. ಇದರಿಂದ ಉಸಿರು ತಾನಾಗೇ ನಿಧಾನ ಆಗತ್ತೆ, ಯಾರೂ ಪ್ರಾಣಾಯಾಮ ಮಾಡು ಅನ್ನೋದೇ ಬೇಡ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಜೊತೆಗಾರರ ಒಂದು ಅಧ್ಯಯನ ಬಂದಿತ್ತು, 23 ಜನ ಆರೋಗ್ಯವಂತರ ಮೇಲೆ, ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಹೇಳಿದ್ರೂ ಮಂತ್ರ ಹೇಳಿದ್ರೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳೀತು, ಹೃದಯದ ಲಯಕ್ಕೂ ಒಳ್ಳೇದಾಯ್ತು ಅಂತ. ಅದು ನಿದ್ದೆ ಮೇಲಿನ ಅಧ್ಯಯನ ಅಲ್ಲ. ಆದ್ರೆ ಅಕ್ಕನ ಭುಜಗಳು ಎರಡನೇ ಅರ್ಧಕ್ಕೆ ಬರೋವಷ್ಟರಲ್ಲಿ ಕೆಳಗಿಳಿಯೋದನ್ನ ಪಕ್ಕದಲ್ಲಿ ಕೂತು ದಿನಾ ನೋಡಿದೀನಿ. ಓದಿ ಆದ್ಮೇಲೆ ಯಾವ ಪದ ಹಿಡ್ಕೊಳ್ತೋ ಅದರ ಕೆಳಗೆ ಪೆನ್ಸಿಲಲ್ಲಿ ಒಂದು ಚುಕ್ಕಿ. ಗೆರೆ ಬೇಡ, ಚುಕ್ಕಿ ಸಾಕು ಅಂತ ಅವರೇ ಹೇಳಿದ್ದು.

ಎರಡನೇ ವಾರ ಕೆಟ್ಟದಾಗಿತ್ತು. ಡಾಕ್ಟರ್ ಹೇಳಿದ ನಿಯಮ ಇದ್ಯಲ್ಲ, ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗ್ಬೇಕು, ಸುಮಾರು ಇಪ್ಪತ್ತು ನಿಮಿಷ ಎಚ್ಚರವಾಗಿದೀನಿ ಅನ್ಸಿದ್ರೆ ಎದ್ದು ಬೇರೆ ಕಡೆ ಕೂತ್ಕೋಬೇಕು, ಎಷ್ಟೇ ಕಮ್ಮಿ ನಿದ್ದೆ ಆಗಿರ್ಲಿ ಬೆಳಿಗ್ಗೆ ಒಂದೇ ಟೈಮಿಗೆ ಏಳ್ಬೇಕು, ಇದು ಬೂಟ್ಜಿನ್ ಅನ್ನೋ ಮನಶ್ಶಾಸ್ತ್ರಜ್ಞರು 1972ರಲ್ಲಿ ಕೊಟ್ಟ ಪದ್ಧತಿ, ಇವತ್ತಿಗೂ ನಿದ್ರಾಹೀನತೆಯ ಸಿಬಿಟಿ, ಅಂದ್ರೆ ಯೋಚನೆ ಮತ್ತೆ ಅಭ್ಯಾಸಗಳನ್ನ ಬದಲಾಯಿಸೋ ಚಿಕಿತ್ಸೆಯ ಮುಖ್ಯ ಭಾಗ. ಕೇಳೋಕೆ ಸುಲಭ, ಮಾಡೋಕೆ ಹಿಂಸೆ. ಹಗಲೆಲ್ಲ ತಲೆ ಭಾರ, ಒಂದಿನ ನನ್ನ ಮೇಲೇ ರೇಗಿದ್ರು, "ನಿಂದೂ ಬೇಡ ಡಾಕ್ಟ್ರದ್ದೂ ಬೇಡ, ನನ್ ಪಾಡಿಗೆ ನನ್ನ ಬಿಡಿ." ನಾನು ಬಿಟ್ಟೆ, ಎರಡು ದಿನ ಹೋಗ್ಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿ, ಮುಂದಿನ ಶ್ಲೋಕದಲ್ಲಿ ಗಾಳಿ ಇಲ್ಲದ ಜಾಗದಲ್ಲಿರೋ ದೀಪ ಅಲ್ಲಾಡಲ್ಲ ಅಂತ ಇದೆ, ನಂದು ಹೊಯ್ದಾಡೋ ದೀಪ, ಬಾ ಅಂದ್ರು. ಅದು 19ನೇ ಶ್ಲೋಕ.

ಐದನೇ ವಾರದ ಹೊತ್ತಿಗೆ 25, 26ಕ್ಕೆ ಬಂದ್ವಿ, ಅಲ್ಲಿ ನಾವು ಹದಿನೈದು ದಿನ ನಿಂತ್ಬಿಟ್ವಿ. 25ರಲ್ಲಿ "ಶನೈಃ ಶನೈಃ", ಮೆಲ್ಲ ಮೆಲ್ಲಗೆ ಹಿಂತಿರುಗು ಅಂತ. 26ರಲ್ಲಿ,

ಯತೋ ಯತೋ ನಿಶ್ಚರತಿ ಮನಶ್ಚಂಚಲಮಸ್ಥಿರಮ್
ತತಸ್ತತೋ ನಿಯಮ್ಯೈತದಾತ್ಮನ್ಯೇವ ವಶಂ ನಯೇತ್

ಮನಸ್ಸು ಎಲ್ಲೆಲ್ಲಿಗೆ ಓಡತ್ತೋ ಅಲ್ಲಲ್ಲಿಂದ ಹಿಡಿದು ಆತ್ಮದಲ್ಲೇ ತಂದು ನಿಲ್ಲಿಸ್ಬೇಕು. ಮೊದಲ ದಿನ ಅಕ್ಕನ ಚುಕ್ಕಿ ಬಿದ್ದಿದ್ದು "ಚಂಚಲ" ಪದಕ್ಕೆ, ಎರಡನೇ ದಿನ "ನಿಯಮ್ಯ", ಅಂದ್ರೆ ಹತೋಟಿಗೆ ತಂದು ಅನ್ನೋ ಪದಕ್ಕೆ, ಅಲ್ಲೀತನಕ ಅದು ಬೈಗುಳದ ಥರಾನೇ ಕೇಳಿಸ್ತಿತ್ತು ಅವರಿಗೆ. ಆರನೇ ದಿನ ಇರ್ಬೇಕು, ಬೆರಳು "ತತಸ್ತತೋ" ಮೇಲೆ ನಿಂತ್ಕೊಳ್ತು. ತುಂಬ ಹೊತ್ತು ಸುಮ್ನಿದ್ದು "ಎರಡ್ ಸಲ ಹೇಳಿದಾನೆ" ಅಂದ್ರು. ಯತೋ ಯತೋ, ತತಸ್ತತೋ. ಎಷ್ಟು ಸಲ ಓಡಿದ್ರೂ ಅಷ್ಟು ಸಲ ಕರ್ಕೊಂಡು ಬಾ ಅಂತ ಅಷ್ಟೇ ಇದೆ, ಯಾಕೆ ಓಡಿದೆ ಅಂತ ಎಲ್ಲೂ ಕೇಳಿಲ್ಲ. ಮಗು ಹೊಸಿಲು ದಾಟಿದ್ರೆ ಹೊಡೀದೆ ಎತ್ಕೊಂಡ್ ಬರ್ತಾರಲ್ಲ ಹಾಗೆ ಅಂದ್ರು ಅಕ್ಕ. ಈ ಮಾತು ನನಗೆ ಯಾವ ವ್ಯಾಖ್ಯಾನದಿಂದ ಸಿಕ್ಕಿದ್ದೂ ಅಲ್ಲ, ಅವರಿಂದಾನೇ ಸಿಕ್ಕಿದ್ದು.

ಅದೇ ವಾರ ಒಂದು ರಾತ್ರಿ ಮೂರಕ್ಕೆ ಎಚ್ಚರ ಆಗಿದೆ. ಗಡಿಯಾರವನ್ನ ಅಷ್ಟೊತ್ತಿಗೆ ಗೋಡೆ ಕಡೆ ತಿರುಗಿಸಿಟ್ಟಿದ್ರು, ಆದ್ರೂ ಮೂರು ಅಂತ ಗೊತ್ತಾಗಿದೆ. ಎದ್ದು ಕುರ್ಚಿಗೆ ಬಂದು ಕೂತಿದಾರೆ, ದೀಪ ಹಾಕಿಲ್ಲ, ಪುಸ್ತಕ ತೆಗೆದಿಲ್ಲ, ಆ ಹೊತ್ತಲ್ಲಿ ಹೊಸದೇನೂ ಓದಬಾರದು, ಸಂಜೆ ಓದಿದ್ದನ್ನೇ ಬಾಯಲ್ಲಿ ಹೇಳ್ಕೋಬೇಕು ಅಂತ ನಮ್ಮ ಒಪ್ಪಂದ. ಹೇಳ್ಕೊಳ್ತಾ ಹೇಳ್ಕೊಳ್ತಾ ಮನಸ್ಸು ಆ ಅಲಾರಂ ರಾತ್ರಿಗೇ ಹೋಗಿದೆ, ತಾಯಿ ಕೈ ತಣ್ಣಗಿದ್ದದ್ದಕ್ಕೆ ಹೋಗಿದೆ, ತತಸ್ತತೋ, ಮತ್ತೆ ಹೋಗಿದೆ, ತತಸ್ತತೋ. ಎಷ್ಟೋ ಹೊತ್ತಿನ ಮೇಲೆ ಅತ್ತಿದಾರೆ. ತಾಯಿ ಹೋದಾಗಿಂದ ಅವರು ಒಂದು ಸಲಾನೂ ಅತ್ತಿರ್ಲಿಲ್ಲ ಅನ್ನೋದು ನನಗೆ ಅವತ್ತು ಗೊತ್ತಾಗಿದ್ದು. ಅತ್ತು ಮುಗಿಸಿ ಹಾಸಿಗೆಗೆ ಹೋಗಿ ಆರು ಗಂಟೆ ತನಕ ಮಲಗಿದಾರೆ. ಬೆಳಿಗ್ಗೆ ಫೋನಲ್ಲಿ ಮೊದಲ ಸಲ ಆ ನಾಲ್ಕೂವರೆ ಗಂಟೆ ವಿಷಯ ಪೂರ್ತಿ ಹೇಳಿದ್ರು. ಆ ರಾತ್ರಿ ಬಗ್ಗೆ ಮೇಲೆ ನಾನು ಬರೆದಿದ್ದೆಲ್ಲ ಆ ಫೋನಲ್ಲಿ ಕೇಳಿದ್ದು.

ಆಮೇಲೆ ಎಲ್ಲ ಸರಿಹೋಯ್ತು ಅಂತಲ್ಲ. ಡೈರಿ ಪ್ರಕಾರ ಎಂಟನೇ ವಾರದಲ್ಲಿ ಸರಾಸರಿ ಐದು ಗಂಟೆ ನಿದ್ದೆ, ಹನ್ನೆರಡನೇ ವಾರಕ್ಕೆ ಆರು ಗಂಟೆ ಹತ್ತಿರ. ಮೂರು ಗಂಟೆ ಎಚ್ಚರ ವಾರಕ್ಕೆ ಆರರಿಂದ ಎರಡಕ್ಕೆ ಬಂತು. ಡಾಕ್ಟರ್ ಮತ್ತೆ ಸ್ಕೇಲ್ ನೋಡಿದಾಗ 19 ಇದ್ದದ್ದು 9. ಇದ್ರಲ್ಲಿ ಎಷ್ಟು ಗೀತೆಯಿಂದ, ಎಷ್ಟು ಡಾಕ್ಟರ್ ನಿಯಮದಿಂದ ಅಂತ ಬಿಡಿಸಿ ಹೇಳೋಕೆ ಆಗಲ್ಲ, ಒಬ್ಬರ ಕಥೆಯಿಂದ ಅದನ್ನ ಹೇಳಲೂ ಬಾರದು. ಹಾಸಿಗೆ ಬಿಟ್ಟು ಏಳೋದು, ಒಂದೇ ಟೈಮಿಗೆ ಏಳೋದು, ಇವು ದೊಡ್ಡ ಕೆಲಸ ಮಾಡಿವೆ, ಅದ್ರಲ್ಲಿ ಅನುಮಾನ ಇಲ್ಲ. 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಸಿಬಿಟಿನೇ ಆಗಿರ್ಬೇಕು ಅಂತ ಹೇಳಿದೆ. ಆದ್ರೆ ಎದ್ದು ಕುರ್ಚಿ ಮೇಲೆ ಕೂತಾಗ ಏನು ಮಾಡ್ಬೇಕು, ಆ ಕತ್ತಲಲ್ಲಿ ಮನಸ್ಸನ್ನ ಎಲ್ಲಿಡ್ಬೇಕು, ಅದಕ್ಕೆ ಅಕ್ಕನಿಗೆ ಸಿಕ್ಕಿದ್ದು ಈ ಶ್ಲೋಕ. ಇನ್ನೊಬ್ಬರಿಗೆ ಬೈಬಲ್ಲಿನ ಕೀರ್ತನೆಗಳ ಒಂದು ಸಾಲಿರಬಹುದು, ಕುರಾನಿನ ಒಂದು ಆಯತ್ ಇರಬಹುದು. ಚಿಕ್ಕದಾಗಿರ್ಬೇಕು, ಭಯ ಹುಟ್ಟಿಸಬಾರದು, ಮೊದಲೇ ಬಾಯಿಗೆ ಬಂದಿರ್ಬೇಕು, ಇಷ್ಟು ನೋಡ್ಕೊಳ್ಳಿ.

ಇದನ್ನೂ ಹೇಳ್ಬಿಡ್ತೀನಿ. ಗೊರಕೆ ಮಧ್ಯೆ ಉಸಿರು ಕಟ್ಟೋರಿಗೆ ಶ್ಲೋಕ ಓದಿ ಅಂತ ಹೇಳಿ ಕೂರಿಸೋದು ಅಪಾಯ. ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು, ನಾಳೆ ಅನ್ಬೇಡಿ. ನಡೀತಿರೋ ಮಾತ್ರೆ ಓದು ಶುರು ಮಾಡಿದೀನಿ ಅಂತ ತಾವೇ ನಿಲ್ಲಿಸಬಾರದು. ಮತ್ತೆ ಯಾರಾದ್ರೂ ನಿಮ್ಮ ಮುಂದೆ ನಿದ್ದೆ ಬರ್ತಿಲ್ಲ ಅಂದ್ರೆ ದಯವಿಟ್ಟು "ಭಕ್ತಿಯಿಂದ ಓದಿ, ಬರತ್ತೆ" ಅಂತ ಹೇಳ್ಬೇಡಿ. ಆ ಮಾತು ಅಕ್ಕನಿಗೆ ಎಷ್ಟು ನೋವು ಕೊಟ್ಟಿದೆ ಅಂತ ನಾನು ನೋಡಿದೀನಿ. ಅರ್ಜುನ ಈ ಮನಸ್ಸನ್ನ ಹಿಡಿಯೋದು ಗಾಳಿ ಹಿಡಿದ ಹಾಗೆ ಅಂದಾಗ ಕೃಷ್ಣ ನಿನ್ನ ಭಕ್ತಿ ಸಾಲ್ದು ಅನ್ನಲಿಲ್ಲ. "ಅಸಂಶಯಂ" ಅಂದ, ಹೌದಪ್ಪಾ, ಅನುಮಾನಾನೇ ಇಲ್ಲ, ಕಷ್ಟಾನೇ ಅಂತ ಮೊದಲು ಒಪ್ಕೊಂಡ, ಆಮೇಲೆ ಅಭ್ಯಾಸ, ವೈರಾಗ್ಯದ ಮಾತು.

ತಾಯಿ ಹೋಗಿ ಒಂದು ವರ್ಷ ಆಗೋ ರಾತ್ರಿ ನಾನು ಬಂದಿರ್ಲಾ ಅಂತ ಕೇಳಿದೆ, ಬೇಡ ಅಂದ್ರು. ಮೂರಕ್ಕೆ ಎಚ್ಚರ ಆಯ್ತಂತೆ. ಎದ್ದು ತಾಯಿ ಮಲಗ್ತಿದ್ದ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಕುರ್ಚಿಗೆ ಬಂದು ಶ್ಲೋಕ ಹೇಳ್ಕೊಂಡು, ಮತ್ತೆ ಮಲಗಿದ್ರಂತೆ. ಹದಿನಾಲ್ಕನೇ ಅಧ್ಯಾಯದ ಆ ಹರಿದ ಕಡೆಗೆ ತೆಳು ಕಾಗದದ ಪಟ್ಟಿ ಅಂಟಿಸಿದಾರೆ, ಕೆಳಗಿನ ಅಕ್ಷರ ಕಾಣೋ ಹಾಗೆ. ಆರನೇ ಅಧ್ಯಾಯದಲ್ಲಿ 47 ಶ್ಲೋಕ ಇದೆ, ನಾವಿನ್ನೂ 29ರಲ್ಲಿದೀವಿ.